ಬೇಲಿಸಾಲಿಗೆ ಗಿಲಿಗಿಚ್ಚಿ ಗಿಡ: ಬೀಜ ಮೊಳೆಸುವುದು, ದುಂಬಿ-ಚಿಟ್ಟೆ ಲೆಕ್ಕ, ಬೀಜದ ವಿಷ

(ಚರ್ಚಾ ವೇದಿಕೆಯ ಮಾತುಕತೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಬೇಲಿಸಾಲು

ತುಮಕೂರು ಕಡೆಯ ಕೆಂಪು ಜಲ್ಲಿ ಮಣ್ಣು. ಲಂಟಾನ ಕಿತ್ತು ತೆರವಾದ ಜಾಗ ಬೇಲಿಗುಂಟ 40 ಅಡಿ ಉದ್ದ, 3 ಅಡಿ ಅಗಲ ಇದೆ. ದಿನವಿಡೀ ಬಿಸಿಲು, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಇಲ್ಲಿ ನಮ್ಮ ನೆಲದ್ದೇ ಆದ ಹಳದಿ ಹೂವಿನ ಗಿಲಿಗಿಚ್ಚಿ ಗಿಡ ಹಾಕುವ ಯೋಚನೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತದಲ್ಲ, ಅದೇ. ಬೀಜ ರಾತ್ರಿಯಿಡೀ ನೆನೆಹಾಕಿದರೂ ಮುಕ್ಕಾಲು ಪಾಲು ಉಬ್ಬುವುದೇ ಇಲ್ಲ, ಏನು ಮಾಡಬೇಕು? ಗೊಬ್ಬರ ಎಷ್ಟು ಕೊಡಬೇಕು? ಜೇನು, ಚಿಟ್ಟೆಗಳಿಗೆ ಇದರಿಂದ ನಿಜವಾಗಿ ಉಪಯೋಗ ಇದೆಯಾ, ಇಲ್ಲ ಫೋಟೋಗೆ ಮಾತ್ರ ಚಂದವಾ? ಇನ್ನೊಂದು ವಿಷಯ, ಬೇಲಿಯ ಆಚೆ ಹಸು ಕಟ್ಟುತ್ತಾರೆ.

ಕೆಂಪುಮಣ್ಣು

ಮೊದಲು ಗಿಡ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಒಣಕಾಯಿ ಸದ್ದು ಮಾಡುವ ಕ್ರೋಟಲೇರಿಯಾಗಳು (ಗಿಲಿಗಿಚ್ಚಿ ಕುಲದ ಶಾಸ್ತ್ರೀಯ ಹೆಸರು) ನಮ್ಮಲ್ಲಿ ಹತ್ತಾರು ಬಗೆ. ನೀವು ಹೇಳುತ್ತಿರುವುದು ಬಹುಶಃ ಕ್ರೋಟಲೇರಿಯಾ ರೆಟುಸಾ. ಅದಕ್ಕೆ ಒಂಟಿ ಎಲೆ, ಬುಡ ಕಿರಿದು, ತುದಿ ಅಗಲವಾಗಿ ನಡುವೆ ಸಣ್ಣ ತಗ್ಗು. ಎಲೆಯ ಅಡಿಗೆ ನಯವಾದ ರೋಮ. ಗಿಡ ಎರಡರಿಂದ ನಾಲ್ಕು ಅಡಿ. ಕೊಂಬೆಯ ತುದಿಯಲ್ಲಿ ಉದ್ದನೆಯ ಹೂಗೊಂಚಲು, ಹಳದಿ ದಳದ ಹಿಂಬದಿಯಲ್ಲಿ ಕೆಂಪು-ನೇರಳೆ ಗೀರು. ಕಾಯಿ 3-4 ಸೆಂ.ಮೀ., ನುಣುಪು, ಬಲಿತ ಮೇಲೆ ಕಂದು-ಕಪ್ಪು.

ಹೂವು ನೀಲಿ-ನೇರಳೆ ಇದ್ದು, ಕಾಂಡ ನಾಲ್ಕು ಏಣಿನದಾಗಿ, ಎಲೆ ಅಗಲವಾಗಿ, ಎಲೆ ಬುಡದಲ್ಲಿ ಬಾಗಿದ ಪುಟ್ಟ ಎಲೆಗಳಿದ್ದರೆ ಅದು ವೆರುಕೋಸಾ. ಅದೂ ನಮ್ಮದೇ. ಹಳ್ಳದ ಬದಿ, ಸ್ವಲ್ಪ ತೇವ, ಅರೆನೆರಳು ಇದ್ದಲ್ಲೂ ಬರುತ್ತದೆ. ಎಲೆ ಕಿರಿದಾಗಿ ಉದ್ದವಿದ್ದು, ಗಿಡ ಆಳೆತ್ತರ ಬೆಳೆದು, ಕಾಯಿ ಮೇಲೆ ಮಖಮಲ್ಲಿನ ಹಾಗೆ ರೋಮವಿದ್ದರೆ ಹಸಿರೆಲೆ ಗೊಬ್ಬರಕ್ಕೆ ಹಾಕುವ ಸೆಣಬು, ಅಂದರೆ ಜುನ್ಸಿಯಾ.

ಮೂರು ಎಲೆ ಒಂದೇ ತೊಟ್ಟಿನಲ್ಲಿ ಇದ್ದರೆ ಬೀಜ ಎತ್ತುವ ಮುಂಚೆ ತಿಳಿದವರಿಗೆ ತೋರಿಸಿ. ಆ ಗುಂಪಿನಲ್ಲಿ ಚಹಾ ತೋಟಗಳಿಗೆ ಹಸಿರು ಗೊಬ್ಬರಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ಮೈಕಾನ್ಸ್ ಕೂಡ ಇದೆ. ಎರಡಾಳೆತ್ತರ ಹೋಗುವ ಪೊದೆ ಅದು, ಬೇಲಿ ಸಾಲಿಗೆ ಬೇಡ.

ಇನ್ನು ಬೀಜ. ಸಿಪ್ಪೆ ನೀರು ಒಳಬಿಡುವುದಿಲ್ಲ, ಅಷ್ಟೇ ಸಮಸ್ಯೆ. ಬೀಜ ಸತ್ತಿಲ್ಲ. ಕಾಡುಗಿಡಕ್ಕೆ ಇದು ಬೇಕಾದ ಗುಣ: ಒಂದೇ ಮಳೆಗೆ ಎಲ್ಲಾ ಬೀಜ ಮೊಳೆತು, ಆಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದೆ. ಬಿತ್ತುವವರಿಗೆ ಮಾತ್ರ ಅದು ತೊಂದರೆ.

ಎರಡು ದಾರಿ ಇದೆ. ಬೀಜ ಕಡಿಮೆ ಇದ್ದರೆ 120 ನಂಬರಿನ ಸ್ಯಾಂಡ್ ಪೇಪರ್ ಎರಡು ತುಂಡು ತೆಗೆದುಕೊಂಡು ನಡುವೆ ಒಂದು ಪದರ ಬೀಜ ಹರಡಿ, ಅರ್ಧ ನಿಮಿಷ ಹಗುರವಾಗಿ ತಿಕ್ಕಿ. ಹೊಳಪು ಹೋಗಿ ಮಂಕಾದರೆ ಸಾಕು. ಒಳಗಿನ ಬಿಳಿ ಬೇಳೆ ಕಂಡರೆ ಹೆಚ್ಚಾಯಿತು, ಅಂಥದ್ದು ಮಣ್ಣಿನಲ್ಲಿ ಕೊಳೆಯುತ್ತದೆ. ಬೀಜ ಜಾಸ್ತಿ ಇದ್ದರೆ ಬಿಸಿನೀರು. ನೀರು ಕುದಿಸಿ ಒಲೆಯಿಂದ ಇಳಿಸಿ, ಕುದಿ ಪೂರ್ತಿ ನಿಂತು ನಾಲ್ಕೈದು ನಿಮಿಷ ಆದ ಮೇಲೆ (ಸುಮಾರು 80 ಡಿಗ್ರಿ) ಒಂದು ಲೋಟ ಬೀಜಕ್ಕೆ ಐದು ಲೋಟ ನೀರಿನ ಲೆಕ್ಕದಲ್ಲಿ ಸುರಿದು, ಹಾಗೇ ಆರಲು ಬಿಟ್ಟು, ಮರುದಿನ ಬೆಳಿಗ್ಗೆ ನೋಡಿ. ಉಬ್ಬಿದ್ದನ್ನು ಆರಿಸಿ ಅವತ್ತೇ ಬಿತ್ತಿ. ಉಬ್ಬದ್ದನ್ನು ಒರೆಸಿ ಸ್ಯಾಂಡ್ ಪೇಪರಿಗೆ ಹಾಕಿ. ಒಲೆಯ ಮೇಲೆ ಇಟ್ಟೇ ಬೀಜ ಹಾಕುವವರಿದ್ದಾರೆ. ಅದು ಬೀಜ ಬೇಯಿಸುವ ಕೆಲಸ.

ಎಲ್ಲವನ್ನೂ ತಿಕ್ಕಬೇಡಿ. ಮುಕ್ಕಾಲು ಭಾಗ ತಿಕ್ಕಿ, ಕಾಲು ಭಾಗ ಹಾಗೇ ಬೆರೆಸಿ ಹಾಕಿ. ಮೊದಲ ಮಳೆ ಹುಸಿಯಾದರೆ ಆ ಕಾಲು ಭಾಗ ಉಳಿದಿರುತ್ತದೆ.

ಬೇಲಿಸಾಲು

ಎಲೆ ತುದಿಯಲ್ಲಿ ತಗ್ಗು ಇದೆ, ರೆಟುಸಾನೇ. 40 ಅಡಿಗೆ ಎಷ್ಟು ಬೀಜ ಬೇಕಾಗಬಹುದು? ಜೂನ್ ಮೊದಲ ವಾರಕ್ಕೇ ಹಾಕಬಹುದಾ?

ಕೆಂಪುಮಣ್ಣು

ಮೂರು ಅಡಿ ಅಗಲದಲ್ಲಿ ಎರಡು ಸಾಲು ಸಾಕು. ಸಾಲಿನ ನಡುವೆ ಒಂದೂವರೆ ಅಡಿ, ಗುಳಿಯಿಂದ ಗುಳಿಗೆ ಒಂದೂವರೆ ಅಡಿ. ಒಟ್ಟು ಐವತ್ತೈದು ಗುಳಿ ಚಿಲ್ಲರೆ ಆಗುತ್ತದೆ. ಗುಳಿಗೆ ಮೂರು ಬೀಜ ಅಂದರೆ ನೂರಎಪ್ಪತ್ತು. ಒಂದು ಕಾಯಿಯಲ್ಲಿ ಹದಿನೈದರಿಂದ ಇಪ್ಪತ್ತು ಬೀಜ ಇರುತ್ತವೆ, ಹಾಗಾಗಿ ಹನ್ನೆರಡು ಒಳ್ಳೆಯ ಕಾಯಿ ಧಾರಾಳ. ಆಳ ಒಂದರಿಂದ ಒಂದೂವರೆ ಸೆಂ.ಮೀ. ಮಾತ್ರ. ಕೆಂಪು ಮಣ್ಣು ಮಳೆ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟುತ್ತದೆ, ಆಳಕ್ಕೆ ಹೋದ ಬೀಜ ಅದನ್ನು ಒಡೆದುಕೊಂಡು ಬರಲಾರದು. ಗುಳಿ ಮೇಲೆ ಒಂದು ಹಿಡಿ ಮರಳು ಅಥವಾ ಒಣ ಎಲೆಪುಡಿ ಉದುರಿಸಿ.

ತುಮಕೂರು ಕಡೆ ಜೂನ್ ಮಳೆ ನಂಬುವಂಥದ್ದಲ್ಲ. ಎರಡು ಹದ ಮಳೆ ಆಗಿ ನೆಲ ಒಂದು ಗೇಣು ತೋಯ್ದ ಮೇಲೆ ಹಾಕಿ, ಜುಲೈ ಆದರೂ ಪರವಾಗಿಲ್ಲ. ಬಿತ್ತಿದ ಎರಡರಿಂದ ಮೂರು ತಿಂಗಳಲ್ಲಿ ಹೂ ಶುರು. ಹಿಂಗಾರು ಮಳೆಯ ಹೊತ್ತಿಗೆ ಗಿಡ ತುಂಬ ಹೂವಿರುತ್ತದೆ.

ಸಸಿ ಮಾಡಿ ನಾಟಿ ಮಾಡುವ ಆಸೆ ಬೇಡ. ತಾಯಿಬೇರು ನೇರ ಇಳಿಯುತ್ತದೆ, ಮುರಿದರೆ ಗಿಡ ಕುಗ್ಗಿಬಿಡುತ್ತದೆ. ಮಾಡಲೇಬೇಕಿದ್ದರೆ ಕಾಗದದ ಕಪ್ಪಿನಲ್ಲಿ ಬೆಳೆಸಿ, ನಾಲ್ಕನೇ ಎಲೆ ಬರುವ ಮುಂಚೆಯೇ ಕಪ್ಪಿನ ತಳ ಹರಿದು ಹಾಗೇ ನೆಡಿ.

ಗೊಬ್ಬರ: ಸಾರಜನಕ ಬೇಡವೇ ಬೇಡ. ಯೂರಿಯಾ, ಹಸಿ ಸಗಣಿ, ಕೋಳಿ ಗೊಬ್ಬರ ಯಾವುದೂ ಬೇಡ. ಮಣ್ಣಲ್ಲಿ ಸಾರಜನಕ ಸುಲಭವಾಗಿ ಸಿಕ್ಕರೆ ಬೇರುಗಂಟು (ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಜೀವಾಣುಗಳಿರುವ ಗಂಟು) ಕಟ್ಟುವುದೇ ಇಲ್ಲ, ಎಲೆ ಮಾತ್ರ ಸೊಕ್ಕಿ ಹೂ ಹಿಂದೆ ಬೀಳುತ್ತದೆ. ಗುಳಿಗೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ, ಅಷ್ಟೇ. ನಿಮ್ಮಲ್ಲಿ ಲಂಟಾನ ಕಿತ್ತ ಜಾಗವಾದ್ದರಿಂದ ಅದೂ ಬೇಕಾಗಲಿಕ್ಕಿಲ್ಲ. ಆದರೆ ಲಂಟಾನದ ಬೇರು ಚಿಗುರುತ್ತಲೇ ಇರುತ್ತದೆ, ಮೊದಲ ಎರಡು ತಿಂಗಳು ಅದನ್ನು ಕೀಳದಿದ್ದರೆ ಗಿಲಿಗಿಚ್ಚಿಗೆ ಬಿಸಿಲೇ ಸಿಗುವುದಿಲ್ಲ.

ಕಡಲಂಚು

ಕರಾವಳಿಯವರಿಗೆ ಒಂದು ತಿದ್ದುಪಡಿ. ಮೇಲಿನ ವೇಳಾಪಟ್ಟಿ ಉಡುಪಿ, ಕುಂದಾಪುರ, ಕಾರವಾರಕ್ಕೆ ನಡೆಯುವುದಿಲ್ಲ. ಜೂನ್-ಜುಲೈ ಮಳೆಯಲ್ಲಿ ಎಳೆ ಸಸಿಯ ಬುಡ ಕೊಳೆತು ಮಲಗುತ್ತದೆ. ಆಗಸ್ಟ್ ಕೊನೆಗೆ ಮಳೆ ಬಿಡುವು ಕೊಡಲು ಶುರುವಾದ ಮೇಲೆ ಬಿತ್ತಬೇಕು, ಅದೂ ಮುಕ್ಕಾಲು ಅಡಿ ಎತ್ತರದ ದಿಣ್ಣೆ ಮಾಡಿ. ಮರಳು ನೆಲ ಅದಕ್ಕೆ ಏನೂ ತೊಂದರೆ ಇಲ್ಲ, ಸಮುದ್ರದ ಬದಿಯ ಬರಡು ಮರಳಿನಲ್ಲೂ ತಾನಾಗಿ ಬೆಳೆಯುವ ಗಿಡ. ಜಂಬಿಟ್ಟಿಗೆ ಮಣ್ಣಿಗೂ ಸೈ. ನೀರು ನಿಲ್ಲುವುದು ಮಾತ್ರ ಆಗದು.

ಗದ್ದೆ ಬದುವಿನ ತೇವ ಜಾಗ ಇದ್ದರೆ ರೆಟುಸಾ ಬಿಟ್ಟು ವೆರುಕೋಸಾ ಹಾಕಿ. ನೀಲಿ ಹೂ ಜನರಿಗೆ ಇಷ್ಟವಾಗುತ್ತದೆ, ಅದಿರಲಿ, ಗಿಡ ಬದುಕುತ್ತದೆ ಎನ್ನುವುದು ಮುಖ್ಯ.

ದುಂಬಿಲೆಕ್ಕ

ಜೇನಿಗೆ ಉಪಯೋಗ ಇದೆಯಾ ಅನ್ನುವ ಪ್ರಶ್ನೆಗೆ ಬರೋಣ. ಯಾವ ಜೇನು ಅನ್ನುವುದರ ಮೇಲೆ ಉತ್ತರ ನಿಂತಿದೆ. ಪೆಟ್ಟಿಗೆ ಜೇನಿನವರಿಗೆ ಇದು ಅಂಥ ಲಾಭದ ಗಿಡ ಅಲ್ಲ, ನೇರವಾಗಿ ಹೇಳಿಬಿಡುತ್ತೇನೆ.

ಹೂವಿನ ರಚನೆ ನೋಡಿ. ಮೇಲೆ ನಿಂತದ್ದು ಧ್ವಜ ದಳ, ಪಕ್ಕದಲ್ಲಿ ಎರಡು ರೆಕ್ಕೆ ದಳ, ಕೆಳಗೆ ಎರಡು ದಳ ಕೂಡಿಕೊಂಡು ಕೊಕ್ಕಿನಂತೆ ಮೇಲಕ್ಕೆ ಬಾಗಿದ ದೋಣಿ. ಕೇಸರಗಳು ಹತ್ತು: ಐದಕ್ಕೆ ಉದ್ದನೆಯ ಪರಾಗಕೋಶ, ಐದಕ್ಕೆ ಗಿಡ್ಡನೆಯದು. ಎಲ್ಲವೂ ದೋಣಿಯ ಒಳಗೇ ಇರುತ್ತವೆ. ಹೂ ಬಿಚ್ಚುವ ಮುಂಚೆಯೇ ಪರಾಗ ಉದುರಿ ಕೊಕ್ಕಿನ ಒಳಗೆ ತುಂಬಿಕೊಂಡಿರುತ್ತದೆ. ಮಕರಂದ ಬುಡದಲ್ಲಿ ಇದೆ. ಅದು ಬೇಕಾದರೆ ಕೀಟ ರೆಕ್ಕೆ ದಳದ ಮೇಲೆ ಕಾಲೂರಿ, ತಲೆಯನ್ನು ಧ್ವಜದ ಬುಡಕ್ಕೆ ತಳ್ಳಬೇಕು. ಆ ಭಾರಕ್ಕೆ ದೋಣಿ ಕೆಳಗೆ ಜಗ್ಗುತ್ತದೆ, ಒಳಗಿನ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಪರಾಗವನ್ನು ಮುಂದೆ ನೂಕುತ್ತದೆ, ಕೊಕ್ಕಿನ ತುದಿಯ ಸಣ್ಣ ಕಂಡಿಯಿಂದ ಪರಾಗ ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಹೊರಬಂದು ಕೀಟದ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಭಾರ ತೆಗೆದರೆ ದೋಣಿ ಮತ್ತೆ ಮೇಲೇಳುತ್ತದೆ. ಹೀಗಾಗಿ ಒಂದೇ ಹೂ ಹಲವು ಭೇಟಿಗೆ ಸ್ವಲ್ಪಸ್ವಲ್ಪವಾಗಿ ಪರಾಗ ಕೊಡುತ್ತದೆ.

ಇದನ್ನು ಜಗ್ಗುವ ಶಕ್ತಿ ಇರುವುದು ದೊಡ್ಡ ಮೈಯವಕ್ಕೆ. ಕರಿದುಂಬಿ (ಮರ ಕೊರೆಯುವ ಬಡಗಿ ದುಂಬಿ) ಮತ್ತು ಎಲೆಕತ್ತರಿ ಜೇನು, ಇವೆರಡೇ ಮುಖ್ಯ. ಎಲೆಕತ್ತರಿ ಹೆಣ್ಣು ಪರಾಗವನ್ನು ಕಾಲಿನಲ್ಲಿ ಅಲ್ಲ, ಹೊಟ್ಟೆಯ ಅಡಿಯ ರೋಮದಲ್ಲಿ ಹೊರುತ್ತದೆ. ಹೂವು ಪರಾಗ ಮೆತ್ತುವುದೂ ಅಲ್ಲಿಗೇ. ತುಡುವೆ (ಪೆಟ್ಟಿಗೆ ಜೇನು), ಕೋಲುಜೇನು ಬರುತ್ತವೆ, ಆದರೆ ದೋಣಿ ಸರಿಯಾಗಿ ಇಳಿಸುವುದು ಕಡಿಮೆ. ಮುಜಂಟಿ (ಕುಟುಕದ ಪುಟ್ಟ ಜೇನು) ಬಂದರೆ ಅಂಚಿನಲ್ಲಿ ಉಳಿದ ಪರಾಗ ಕೆರೆದುಕೊಂಡು ಹೋಗುತ್ತದೆ, ಹೂವಿಗೆ ಅದರಿಂದ ಲಾಭವಿಲ್ಲ.

ಕಾಯಿ ನಿಜಕ್ಕೂ ದುಂಬಿಯಿಂದಲೇ ಕಟ್ಟುತ್ತಿದೆಯಾ ಅಂತ ನಿಮ್ಮ ಸಾಲಿನಲ್ಲೇ ತಿಳಿಯಬಹುದು. ಬಿಚ್ಚದ ಮೊಗ್ಗುಗಳಿರುವ ನಾಲ್ಕು ಗೊಂಚಲಿಗೆ ತೆಳು ಮಲ್ ಬಟ್ಟೆಯ ಚೀಲ ಕಟ್ಟಿ, ಅದೇ ಗಿಡಗಳ ಬೇರೆ ನಾಲ್ಕು ಗೊಂಚಲಿಗೆ ದಾರ ಕಟ್ಟಿ ಗುರುತಿಡಿ. ಮೂರು ವಾರ ಬಿಟ್ಟು ಎರಡೂ ಕಡೆ ಕಾಯಿ ಎಣಿಸಿ. ಚೀಲದೊಳಗೆ ಇರುವೆ ಹೋಗದಂತೆ ಬಾಯಿ ಬಿಗಿಯಾಗಿ ಕಟ್ಟಬೇಕು.

ಚಿಟ್ಟೆಹಾದಿ

ದುಂಬಿಲೆಕ್ಕ ಸರ್ ಹೇಳಿದ್ದು ಸರಿ. ಆದರೆ ಜನ ಈ ಗಿಡ ಹಾಕುವುದೇ ಚಿಟ್ಟೆಗಾಗಿ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಪ್ಲೈನ್ ಟೈಗರ್, ಸ್ಟ್ರೈಪ್ಡ್ ಟೈಗರ್, ಕಾಮನ್ ಕ್ರೋ, ಇವೆಲ್ಲ ಗುಂಪುಗುಂಪಾಗಿ ಕೂರುತ್ತವೆ. ಚಿಟ್ಟೆ ತೋಟಗಳಲ್ಲಿ ಈ ಗಿಡ ಇಲ್ಲದೆ ನಡೆಯುವುದೇ ಇಲ್ಲ.

ದುಂಬಿಲೆಕ್ಕ

ಎಲ್ಲಿ ಕೂರುತ್ತವೆ ನೋಡಿ ಮೇಡಂ. ಹೂವಿನ ಮೇಲಾ?

ಚಿಟ್ಟೆಹಾದಿ

ಒಪ್ಪಿದೆ, ಹೆಚ್ಚಾಗಿ ಹೂವಿನ ಮೇಲಲ್ಲ. ಬಾಡಿದ ಎಲೆ, ಗಾಯಗೊಂಡ ಕಾಂಡ, ಒಣಗುತ್ತಿರುವ ಕಾಯಿ, ಅಲ್ಲೇ ಜಾಸ್ತಿ. ಕಾರಣ ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ಗಿಡದಲ್ಲಿ ಪೈರೋಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷಗಳ ಗುಂಪಿದೆ. ರೆಟುಸಾದಲ್ಲಿ ಮುಖ್ಯವಾದದ್ದು ಮೊನೊಕ್ರೋಟಲಿನ್. ಈ ಚಿಟ್ಟೆಗಳ ಗಂಡುಗಳಿಗೆ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಈ ವಸ್ತುವೇ ಮೂಲ ಸರಕು. ಕಾಲಿನಿಂದ ಎಲೆ ಕೆರೆದು, ಹೀರುನಳಿಗೆಯಿಂದ ದ್ರವ ಬಿಟ್ಟು, ಕರಗಿದ್ದನ್ನು ಮತ್ತೆ ಹೀರುತ್ತವೆ. ಮೈಯಲ್ಲಿ ವಿಷ ಇರುವುದರಿಂದ ಹಕ್ಕಿಗಳೂ ದೂರ ಇಡುತ್ತವೆ. ಚೇಳುಕೊಂಡಿ ಗಿಡಕ್ಕೆ ಇವೇ ಚಿಟ್ಟೆಗಳು ಮುತ್ತುವುದಕ್ಕೂ ಇದೇ ಕಾರಣ.

ಹಾಗಾಗಿ ಚಿಟ್ಟೆ ಬೇಕು ಅನ್ನುವವರು ಮಾಡಬೇಕಾದ್ದು ಸುಲಭ: ಸಾಲಿನಲ್ಲಿ ಒಂದೆರಡು ಕೊಂಬೆಯನ್ನು ಪೂರ್ತಿ ಕತ್ತರಿಸದೆ ಅರ್ಧ ಮುರಿದು ನೇತುಬಿಡಿ. ಎರಡು ಮೂರು ದಿನದಲ್ಲಿ ಬಾಡಿದ ಎಲೆಗೆ ಟೈಗರ್‌ಗಳು ಬಂದು ಕೂರುತ್ತವೆ. ಪಶ್ಚಿಮ ಘಟ್ಟಕ್ಕೆ ಚಿಟ್ಟೆಗಳು ಮರಳುವ ಅಕ್ಟೋಬರ್-ನವೆಂಬರ್‌ನಲ್ಲಿ ಗಿಡ ಈ ಹದಕ್ಕೆ ಬಂದಿದ್ದರೆ ಒಳ್ಳೆಯದು.

ಆದರೆ ಈ ಚಿಟ್ಟೆಗಳ ಮರಿ ಇದರ ಎಲೆ ತಿನ್ನುವುದಿಲ್ಲ. ಅವಕ್ಕೆ ಎಕ್ಕ, ಆಡುಮುಟ್ಟದ ಬಳ್ಳಿ, ಹಾಲುಬಳ್ಳಿಗಳ ಜಾತಿ ಬೇಕು. ಬೇಲಿಯಲ್ಲಿ ಎಕ್ಕದ ಗಿಡ ಕಡಿದು ಗಿಲಿಗಿಚ್ಚಿ ಹಾಕಿದರೆ ಬರುವ ಚಿಟ್ಟೆಗಳಿಗೆ ಮೊಟ್ಟೆ ಇಡಲು ಜಾಗವಿಲ್ಲ. ಎಕ್ಕ ಉಳಿಸಿಕೊಳ್ಳಿ.

ದುಂಬಿಲೆಕ್ಕ

ಇದನ್ನೇ ಕೇಳಬೇಕಿತ್ತು. ಚಿಟ್ಟೆ ಎಣಿಸಿ "ಪರಾಗಸ್ಪರ್ಶಕ್ಕೆ ಅದ್ಭುತ ಗಿಡ" ಅಂತ ಬರೆಯುವ ಪೋಸ್ಟ್‌ಗಳಲ್ಲಿ ತಪ್ಪಾಗುವುದು ಇಲ್ಲೇ. ಚಿಟ್ಟೆ ಔಷಧಿ ಅಂಗಡಿಗೆ ಬಂದ ಗಿರಾಕಿ. ಬೀಜ ಕಟ್ಟಿಸುವುದು ಕರಿದುಂಬಿ, ಎಲೆಕತ್ತರಿ. ಅವು ಇಲ್ಲದ ಕಡೆ ಹೂವು ರಾಶಿ ಬಿದ್ದರೂ ಕಾಯಿ ವಿರಳ.

ಸೆಣಬಿನಲ್ಲಂತೂ ಇದು ಇನ್ನೂ ಸ್ಪಷ್ಟ. ಅದರದ್ದು ಹೆಚ್ಚಾಗಿ ಪರಕೀಯ ಪರಾಗಸ್ಪರ್ಶ, ಅಂದರೆ ಬೇರೆ ಗಿಡದ ಪರಾಗ ಬೇಕು. ಶಲಾಕಾಗ್ರಕ್ಕೆ (ಶಲಾಕೆಯ ತುದಿಗೆ) ಕೀಟದ ಉಜ್ಜಾಟ ತಗುಲದೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಸೆಣಬಿನ ಬೀಜೋತ್ಪಾದನೆ ಮಾಡುವವರು ದೊಡ್ಡ ಬಯಲಿನ ನಡುವೆ ಹಾಕಿ, ಸುತ್ತ ಒಂದು ಒಣಮರವೂ ಇಲ್ಲದೆ, ಬೀಜ ಬರಲಿಲ್ಲ ಅಂತ ಮಳೆಯನ್ನು ಬೈಯುತ್ತಾರೆ.

ಆದ್ದರಿಂದ ಗೂಡಿನ ವ್ಯವಸ್ಥೆ ಗಿಡದಷ್ಟೇ ಮುಖ್ಯ. ಕರಿದುಂಬಿಗೆ ತೊಗಟೆ ಬಿಟ್ಟ ಒಣ ಕೊಂಬೆ ಬೇಕು. ಹಾಲುವಾಣ, ಬೂರುಗ, ಮುತ್ತುಗದಂಥ ಮೆದು ಮರ, ಕನಿಷ್ಠ ಎರಡೂವರೆ ಅಂಗುಲ ದಪ್ಪ, ಮೂರು ಅಡಿ ಉದ್ದ. ಬೇಲಿ ಗೂಟಕ್ಕೆ ಸೊಂಟದೆತ್ತರದಲ್ಲಿ ಅಡ್ಡ ಕಟ್ಟಿ, ಮೇಲೆ ಹೆಂಚೋ ತಗಡೋ ಹೊದೆಸಿ. ಬಿದಿರಿನ ತುಂಡಾದರೆ ಒಂದು ಕಡೆ ಗೆಣ್ಣು ಮುಚ್ಚಿರಬೇಕು. ಎಲೆಕತ್ತರಿಗೆ ಕಿರಿಯ ರಂಧ್ರ: 6ರಿಂದ 10 ಮಿ.ಮೀ. ವ್ಯಾಸ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳ. ಒಣ ಮರದ ದಿಮ್ಮಿಗೆ ಡ್ರಿಲ್ ಹಾಕಿದರೂ ಆಯಿತು, ಒಳಗೆ ಸೀಳು ಎದ್ದಿರಬಾರದು, ರೆಕ್ಕೆ ಹರಿಯುತ್ತದೆ. ಬಾಯಿ ಪೂರ್ವಕ್ಕೆ ಇಡಿ. ಬಣ್ಣ, ವಾರ್ನಿಷ್, ಗೆದ್ದಲ ಎಣ್ಣೆ ಹಚ್ಚಿದ ಮರ ಬೇಡ.

ಎಲೆಕತ್ತರಿ ಜೇನು ಗುಲಾಬಿ, ತೊಗರಿ ಎಲೆಯ ಅಂಚಿನಲ್ಲಿ ದುಂಡಗೆ ಕತ್ತರಿಸಿಕೊಂಡು ಹೋದರೆ ರೋಗ ಅಂತ ಔಷಧ ಹೊಡೆಯಬೇಡಿ.

ಪಶುಕಾಳಜಿ

ಬೇಲಿಯ ಆಚೆ ಹಸು ಎಂದಿದ್ದೀರಿ. ಇದನ್ನು ಯಾರೂ ಹಗುರ ಮಾಡಬಾರದು.

ಚಿಟ್ಟೆಗೆ ಬೇಕಾದ ಅದೇ ಆಲ್ಕಲಾಯ್ಡ್ ದನ, ಕುದುರೆ, ಕೋಳಿ, ಹಂದಿಯ ಯಕೃತ್ತನ್ನು ಹಾಳು ಮಾಡುತ್ತದೆ. ಬೀಜದಲ್ಲಿ ಪ್ರಮಾಣ ಹೆಚ್ಚು. ಕುರಿ, ಮೇಕೆ ದನಕ್ಕಿಂತ ತಡೆದುಕೊಳ್ಳುತ್ತವೆ, ಹಾಗಂತ ಅವಕ್ಕೆ ಮೇವಲ್ಲ. ಹಸಿ ಗಿಡವನ್ನು ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ತೊಂದರೆ ಆಗುವುದು ಎರಡು ಸಂದರ್ಭದಲ್ಲಿ: ಬೇಸಿಗೆಯಲ್ಲಿ ಬೇರೆ ಹಸಿರಿಲ್ಲದಾಗ, ಮತ್ತು ಕೊಯ್ದ ಹುಲ್ಲಿನ ಜೊತೆ ಒಣಗಿ ಬೆರೆತಾಗ. ಒಣಗಿಸಿದರೆ ವಿಷ ಹೋಗುವುದಿಲ್ಲ, ಆರಿಸಿ ತಿನ್ನುವ ಅವಕಾಶ ಮಾತ್ರ ಹೋಗುತ್ತದೆ.

ಲಕ್ಷಣ ಕೂಡಲೇ ಕಾಣುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಮೇವು ಬಿಡುವುದು, ಸೊರಗುವುದು, ಕಣ್ಣು-ಒಸಡು ಹಳದಿಯಾಗುವುದು, ಗುರಿಯಿಲ್ಲದೆ ನಡೆಯುವುದು. ಆ ಹೊತ್ತಿಗೆ ಗಿಡ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಪ್ರತಿವಿಷ ಇಲ್ಲ. ಸಂಶಯ ಬಂದರೆ ಗಿಡದ ಒಂದು ಕೊಂಬೆ ಸಮೇತ ಪಶುವೈದ್ಯರಿಗೆ ತೋರಿಸಿ.

ದನ ಕಟ್ಟುವ ಗೂಟದಿಂದ ಹಗ್ಗದ ಉದ್ದಕ್ಕೆ ಇನ್ನೂ ಆರು ಅಡಿ ಸೇರಿಸಿ, ಅಷ್ಟು ದೂರ ಬಿಟ್ಟು ಬಿತ್ತಿ. ಕಿತ್ತ ಗಿಡ ತಿಪ್ಪೆಗೆ ಹಾಕುವುದಾದರೆ ಕಾಯಿ ಬೇರ್ಪಡಿಸಿ ಹಾಕಿ. ಕುದುರೆ ಸಾಕುವವರು, ಕೋಳಿಯನ್ನು ಮೇಯಲು ಬಿಡುವವರು ಇದನ್ನು ಹಾಕದಿರುವುದೇ ಲೇಸು.

ಮನುಷ್ಯರ ವಿಷಯಕ್ಕೂ ಒಂದು ಮಾತು. 1970ರ ದಶಕದಲ್ಲಿ ಆಗಿನ ಮಧ್ಯಪ್ರದೇಶದ ಸರ್ಗುಜಾ ಜಿಲ್ಲೆಯಲ್ಲಿ (ಈಗ ಛತ್ತೀಸಗಡ) ಹೊಟ್ಟೆಯಲ್ಲಿ ನೀರು ತುಂಬಿ ಯಕೃತ್ತು ಕೆಟ್ಟು ಹಲವರು ಸತ್ತರು. ಮೂಲ ಹುಡುಕಿದಾಗ ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಕ್ರೋಟಲೇರಿಯಾ ನಾನಾ ಎಂಬ ಕಾಡುಗಿಡದ ಬೀಜ ಬೆರೆತಿತ್ತು. ಸಾಮೆ, ನವಣೆ, ಹಾರಕ ಬೆಳೆಯುವ ಹೊಲದ ಒಳಗೆ, ಕಣದ ಪಕ್ಕ ಈ ಜಾತಿಯ ಯಾವ ಗಿಡವನ್ನೂ ಬಿಡಬೇಡಿ. ಬೀಜದ ಗಾತ್ರ ಸಣ್ಣ ಧಾನ್ಯದ ಹತ್ತಿರ ಬರುವ ಜಾತಿಗಳಿವೆ, ಜರಡಿಯಲ್ಲಿ ಬೇರೆಯಾಗುವುದಿಲ್ಲ.

ಮಹಡಿಕುಂಡ

ಹಾಗಾದರೆ ಇದರ ಎಲೆಯ ಕಷಾಯ ಚರ್ಮರೋಗಕ್ಕೆ ಒಳ್ಳೆಯದು ಅಂತ ಹೇಳುವುದು?

ಪಶುಕಾಳಜಿ

ಕುಡಿಯಬೇಡಿ. ಯಾವ ಜಾತಿಯದ್ದೂ, ಎಷ್ಟು ಸ್ವಲ್ಪವಾದರೂ. ಮಕ್ಕಳು ಕಾಯಿ ಅಲ್ಲಾಡಿಸಿ ಆಡಲಿ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ತೊಗರಿಹೊಲ

ಕಲಬುರಗಿ ಕಡಿಂದ ಬರಿಯಾಕತ್ತೀನ್ರಿ. ನೀವೆಲ್ಲಾ ಚಂದ ಹೇಳೀರಿ, ಆದ್ರ ತೊಗರಿ ಹೊಲದ ಬಾಜೂ ಇದನ್ನ ಹಾಕಿದ್ರ ಕಾಯಿಕೊರಕಕ್ಕ ನಾವೇ ಊಟಾ ಹಾಕಿದಂಗ ಆಗಂಗಿಲ್ಲೇನ್ರಿ? ಸೆಣಬಿನ ಕಾಯ್ದಾಗ ಹಸಿರು ಹುಳ ಇರೋದು ಎಲ್ಲಾರಿಗೂ ಗೊತ್ತೈತಿ. ತೊಗರಿ ಹೂ ಬಿಡೋದು, ಇದು ಕಾಯಿ ಕಟ್ಟೋದು ಎರಡೂ ಒಂದೇ ಟೈಮಿಗೆ.

ದುಂಬಿಲೆಕ್ಕ

ಪ್ರಶ್ನೆ ಸರಿಯಾಗಿದೆ ಅಣ್ಣ, ಬರೀ "ಹಾಗೇನಿಲ್ಲ" ಅಂತ ತಳ್ಳಿಹಾಕುವಂತಿಲ್ಲ. ಸೆಣಬಿನ ಕಾಯಿಗೆ ಹೆಲಿಕೋವರ್ಪಾ (ನೀವು ಹೇಳಿದ ಕಾಯಿಕೊರಕ) ಬೀಳುವುದು ನಿಜ. ಪೀ ಬ್ಲೂ ಎಂಬ ಸಣ್ಣ ನೀಲಿ ಚಿಟ್ಟೆಯ ಮರಿ ಗಿಲಿಗಿಚ್ಚಿಯ ಮೊಗ್ಗು-ಕಾಯಿ ಎರಡರಲ್ಲೂ ಇರುತ್ತದೆ, ಅದು ತೊಗರಿಯನ್ನೂ ಬಿಡುವುದಿಲ್ಲ. ಇನ್ನೊಂದು ಕಡೆ, ತೊಗರಿ ಹೂವಿಗೆ ಬರುವ ಮುಖ್ಯ ಅತಿಥಿಗಳಲ್ಲಿ ಎಲೆಕತ್ತರಿ ಜೇನೂ ಒಂದು. ತೊಗರಿ ಹೂ ಬರುವ ಮುಂಚೆ ಅದಕ್ಕೆ ಆಹಾರ ಇದ್ದರೆ ಸಂಖ್ಯೆ ಉಳಿಯುತ್ತದೆ.

ಹೀಗೆ ಮಾಡಬಹುದು: ತೊಗರಿ ನಿಮ್ಮ ಜೀವನದ ಬೆಳೆಯಾಗಿದ್ದರೆ ಹೊಲದ ಅಂಚಿಗೆ ಹಾಕದೆ, ದಾರಿಬದಿಗೋ ಬಾವಿ ಸುತ್ತಲೋ ಬೇರೆಯಾಗಿ ಹಾಕಿ. ತೊಗರಿ ಹೂ ಶುರುವಾದ ಮೇಲೆ ಗಿಲಿಗಿಚ್ಚಿಯ ಕಾಯಿಗೊಂಚಲನ್ನು ವಾರಕ್ಕೊಮ್ಮೆ ಸವರಿ. ಕಾಯಿ ತೆಗೆದರೆ ಪಕ್ಕದ ಕೊಂಬೆಯಲ್ಲಿ ಹೂ ಮುಂದುವರಿಯುತ್ತದೆ, ಹುಳಕ್ಕೆ ಕಾಯಿ ಸಿಗುವುದಿಲ್ಲ. ಬೀಜಕ್ಕೆ ನಾಲ್ಕೈದು ಗಿಡ ಮಾತ್ರ ಬಿಟ್ಟುಕೊಳ್ಳಿ. ಮತ್ತೆ, ತೊಗರಿಗೆ ಔಷಧ ಹೊಡೆಯುವುದು ತಪ್ಪಿದ್ದಲ್ಲ ಅಂತಾದರೆ ಸಂಜೆ ಐದರ ಮೇಲೆ ಹೊಡೆಯಿರಿ. ಬೆಳಿಗ್ಗೆ ಹತ್ತಕ್ಕೆ ಹೊಡೆದರೆ ಎಲೆಕತ್ತರಿ ಹೊಲದಲ್ಲೇ ಇರುತ್ತದೆ.

ತೊಗರಿಹೊಲ

ಗೊಂಚಲ ಸವರೂದು ಆಗ್ತದ್ರಿ, ಆಳ ಖರ್ಚೂ ಇಲ್ಲ. ಹೊಲದಂಚಿಗೆ ಮಾತ್ರ ನಾ ಹಾಕಂಗಿಲ್ಲ.

ಕೆಂಪುಮಣ್ಣು

ಸೆಣಬು ಹಾಕುವವರಿಗೆ ಇದೇ ಜಾಗದಲ್ಲಿ ಒಂದು ಸೂಚನೆ. ಹಸಿರೆಲೆ ಗೊಬ್ಬರಕ್ಕೆ ಎಕರೆಗೆ 15ರಿಂದ 20 ಕೆಜಿ ಚೆಲ್ಲಿ, 45-50 ದಿನಕ್ಕೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುತ್ತೇವೆ. ತಡವಾದರೆ ಕಾಂಡ ನಾರಾಗಿ ಕೊಳೆಯುವುದಿಲ್ಲ, ಹಾಗಾಗಿ ಆ ಅವಧಿ ಸರಿಯೇ. ಆದರೆ ದುಂಬಿಗೆ ಅಲ್ಲಿ ಏನೂ ಸಿಗುವುದಿಲ್ಲ. ಉಳುವಾಗ ಬದುವಿನ ಕಡೆ ಒಂದು ಮಡಿಕೆ (ನೇಗಿಲ ಸಾಲು) ಅಗಲ ಬಿಟ್ಟರೆ ಅದು ಇನ್ನೂ ಒಂದೂವರೆ ತಿಂಗಳು ಹೂ ಕೊಡುತ್ತದೆ, ಮುಂದಿನ ವರ್ಷದ ಬೀಜವೂ ಅಲ್ಲೇ ಆಗುತ್ತದೆ. ದಟ್ಟವಾಗಿ ಬಂದಿರುವುದರಿಂದ ಬಿಟ್ಟ ಪಟ್ಟಿಯಲ್ಲಿ ಮುಕ್ಕಾಲು ಪಾಲು ಗಿಡ ಕಿತ್ತು ತೆಳುವಾಗಿಸಿ, ಇಲ್ಲದಿದ್ದರೆ ಕವಲೊಡೆಯದೆ ತುದಿಯಲ್ಲಿ ಮಾತ್ರ ನಾಲ್ಕು ಹೂ.

ಬೇರುಗಂಟಿನ ಬಗ್ಗೆ ಯಾರೂ ಕೇಳಲಿಲ್ಲ. ಬಿತ್ತಿದ ಐದನೇ ವಾರ ಒಂದು ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ನೀರಿನಲ್ಲಿ ತೊಳೆದು ನೋಡಿ. ಗಂಟು ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ, ಅಥವಾ ಗಂಟೇ ಇಲ್ಲದೆ ಎಲೆ ಹಳದಿಯಾದರೆ, ಮಣ್ಣಿನಲ್ಲಿ ಸರಿಯಾದ ಜೀವಾಣು ಇಲ್ಲ. ಅಲಸಂದೆಗೆ ಕೊಡುವ ರೈಜೋಬಿಯಂ (ಬೇರುಗಂಟು ಕಟ್ಟಿಸುವ ಜೀವಾಣುವಿನ ಪುಡಿ) ಇದಕ್ಕೂ ಆಗುತ್ತದೆ. ಒಂದು ಚಮಚ ಬೆಲ್ಲ ಕಾಲು ಲೋಟ ನೀರಲ್ಲಿ ಕುದಿಸಿ ಆರಿಸಿ, ಬೀಜಕ್ಕೆ ತೇವ ಮಾಡಿ, ಪುಡಿ ಲೇಪಿಸಿ, ನೆರಳಲ್ಲಿ ಅರ್ಧ ಗಂಟೆ ಒಣಗಿಸಿ ಕೂಡಲೇ ಬಿತ್ತಿ. ಬಿಸಿಲಿಗೆ ಹಾಕಿದರೆ ಲೇಪಿಸಿದ್ದು ದಂಡ. ಅಲಸಂದೆ, ಹುರುಳಿ ಬೆಳೆದ ನೆಲವಾದರೆ ಇದೆಲ್ಲ ಅಗತ್ಯವಿಲ್ಲ.

ಮಹಡಿಕುಂಡ

ಬೆಂಗಳೂರಿನ ಮೂರನೇ ಮಹಡಿ, ಪಶ್ಚಿಮದ ಬಿಸಿಲು. ಕುಂಡದಲ್ಲಿ ಬರುತ್ತದಾ? ಎಲೆ ಮೇಲೆ ಬಿಳಿ ಪುಡಿ ಬರುತ್ತದೆ ಅಂತ ಓದಿದ್ದೆ.

ಕೆಂಪುಮಣ್ಣು

ಬರುತ್ತದೆ. 12 ಅಂಗುಲಕ್ಕಿಂತ ಕಡಿಮೆ ಆಳದ ಕುಂಡ ಬೇಡ, ಒಂದು ಕುಂಡಕ್ಕೆ ಒಂದೇ ಗಿಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಅರ್ಧ ಪಾಲು ಕಳಿತ ಗೊಬ್ಬರ. ಅಂಗಡಿಯ ತೆಂಗಿನ ನಾರಿನ ಪುಡಿ ಮಿಶ್ರಣ ಹೆಚ್ಚು ತೇವ ಹಿಡಿಯುತ್ತದೆ, ಬುಡ ಕೊಳೆಯುತ್ತದೆ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ ನೀರು. ಗಿಡ ಒಂದೂವರೆ ಅಡಿ ಆದಾಗ ತುದಿ ಚಿವುಟಿದರೆ ನಾಲ್ಕೈದು ಕವಲು ಬಂದು ಅಷ್ಟೂ ಗೊಂಚಲಾಗುತ್ತದೆ.

ಬಿಳಿ ಪುಡಿ ಬೂದಿರೋಗ. ಮಳೆ ನಿಂತು ಬೆಳಗಿನ ಇಬ್ಬನಿ ಶುರುವಾದಾಗ ಬರುತ್ತದೆ, ಗಾಳಿಯಾಡದ ಮೂಲೆಯಲ್ಲಿ ಜಾಸ್ತಿ. ಕುಂಡಗಳ ನಡುವೆ ಎರಡು ಅಡಿ ಬಿಟ್ಟು, ತೀರಾ ಹಿಡಿದ ಎಲೆ ಕಿತ್ತರೆ ಸಾಕು. ಹೂ ಇರುವಾಗ ಗಂಧಕದ ಪುಡಿ ಹಾಕಬೇಡಿ. ಎಲೆ ಮುದುಡಿ, ಹಸಿರು-ಹಳದಿ ಮಚ್ಚೆಯಾದರೆ ಅದು ನಂಜುರೋಗ, ಆ ಗಿಡ ಕಿತ್ತು ಬಿಡಿ. ಅದರ ಬೀಜ ಎತ್ತಬೇಡಿ, ಮುಟ್ಟಿದ ಕತ್ತರಿಯನ್ನು ಸೋಪಿನ ನೀರಲ್ಲಿ ತೊಳೆಯಿರಿ.

ಚಿಟ್ಟೆಹಾದಿ

ಎಲೆ ತಿನ್ನುವ ಹುಳದ ಬಗ್ಗೆಯೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಕಪ್ಪು-ಬಿಳಿ ಮೈಗೆ ಕಿತ್ತಳೆ ಚುಕ್ಕಿ ಇರುವ ರೋಮದ ಹುಳ ಕಂಡರೆ ಅದು ಯುಟೆಥೈಸಾ ಪತಂಗದ ಮರಿ. ಪತಂಗ ಬಿಳಿ ರೆಕ್ಕೆಯದು, ಮೇಲೆ ಕೆಂಪು-ಕಪ್ಪು ಚುಕ್ಕಿ, ಹಗಲಲ್ಲೇ ಹಾರುತ್ತದೆ. ಕಿತ್ತಳೆ ರೆಕ್ಕೆಗೆ ಕಪ್ಪು ಚುಕ್ಕಿ ಇದ್ದರೆ ಆರ್ಜಿನಾ, ಅದರ ಮರಿ ಕಾಯಿ ಕೊರೆದು ಬೀಜ ತಿನ್ನುತ್ತದೆ. ಎರಡಕ್ಕೂ ಈ ಗಿಡಗಳೇ ಆಧಾರ. ಕಾಡುಗಿಡ ಹಾಕಿ ಅದನ್ನೇ ನಂಬಿದ ಪತಂಗಕ್ಕೆ ಬೇವಿನೆಣ್ಣೆ ಹೊಡೆಯುವುದು ನನಗಂತೂ ಅರ್ಥವಾಗುವುದಿಲ್ಲ. ಬೀಜ ಬೇಕಾದ ಗೊಂಚಲುಗಳಿಗೆ ಕಾಯಿ ಕಟ್ಟಿದ ಮೇಲೆ ಚೀಲ ಹಾಕಿ, ಉಳಿದದ್ದನ್ನು ಅವಕ್ಕೆ ಬಿಡಿ.

ಕಡಲಾಚೆ

ಫ್ಲೋರಿಡಾದಿಂದ ಕೇಳುತ್ತಿದ್ದೇನೆ. ಊರಿಂದ ಬೀಜ ತರಿಸಿ ಇಲ್ಲಿ ಹಾಕಬಹುದಾ?

ದುಂಬಿಲೆಕ್ಕ

ಬೇಡ. ನಮ್ಮ ಸ್ಪೆಕ್ಟಾಬಿಲಿಸ್ (ಇನ್ನೊಂದು ಕ್ರೋಟಲೇರಿಯಾ) ಮತ್ತು ರೆಟುಸಾ ಅಲ್ಲಿ ಹೊರಗಿನ ಕಳೆಗಳು. ಸ್ಪೆಕ್ಟಾಬಿಲಿಸ್ ಅನ್ನು ಹಸಿರು ಗೊಬ್ಬರಕ್ಕೆಂದು ಒಯ್ದು, ಅದು ಹೊಲ ದಾಟಿ ಹಬ್ಬಿ, ದನಕರುಗಳಿಗೆ ಕಂಟಕವಾಯಿತು. ಅಲ್ಲಿಯದೇ ಆದ ಕ್ರೋಟಲೇರಿಯಾ ರೊಟಂಡಿಫೋಲಿಯಾ ಇದೆ, ನೆಲಕ್ಕೆ ಹಬ್ಬುವ ಗಿಡ. ನಮ್ಮ ಯುಟೆಥೈಸಾದ ಅಲ್ಲಿನ ಬಂಧು ಬೆಲ್ಲಾ ಪತಂಗಕ್ಕೆ ಅದೇ ಊಟ. ಸ್ಥಳೀಯ ಗಿಡಗಳ ನರ್ಸರಿಯಲ್ಲಿ ವಿಚಾರಿಸಿ. ಬೀಜವನ್ನು ಅನುಮತಿಯಿಲ್ಲದೆ ಸೂಟ್‌ಕೇಸಿನಲ್ಲಿ ಒಯ್ಯುವುದು ಹೇಗೂ ಕಾನೂನಿಗೆ ವಿರುದ್ಧ.

ಬೇಲಿಸಾಲು

ಎಲ್ಲರಿಗೂ ಧನ್ಯವಾದ. ಹಸುವಿನ ಕಡೆಯ ಹತ್ತು ಅಡಿ ಬಿಟ್ಟು 30 ಅಡಿಗೆ ಮಾತ್ರ ಹಾಕುವುದು ಅಂತ ಆಯಿತು. ಕೊನೆಯದಾಗಿ, ಕಾಯಿ ಯಾವಾಗ ಕೀಳಬೇಕು? ಹೂ ಮುಗಿದ ಗಿಡ ಕಿತ್ತುಬಿಡಲಾ?

ಕೆಂಪುಮಣ್ಣು

ಗೊಂಚಲಿನ ಬುಡದ ಕಾಯಿ ಮೊದಲು ಬಲಿಯುತ್ತದೆ. ಕಂದಾಗಿ ಸದ್ದು ಬಂದ ತಕ್ಷಣ ಕೀಳಿ, ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಕಿತ್ತರೆ ಸಿಡಿಯುವುದು ಕಡಿಮೆ. ಬೀಜ ಬಿಡಿಸಿ, ತೂತಿರುವುದನ್ನು ತೆಗೆದು, ನೆರಳಲ್ಲಿ ನಾಲ್ಕು ದಿನ ಒಣಗಿಸಿ ಗಾಜಿನ ಶೀಶೆಯಲ್ಲಿಡಿ. ಶೀಶೆಯ ಮೇಲೆ ಗಿಡದ ಹೆಸರು, ವರ್ಷ, "ವಿಷ" ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಅಡುಗೆಮನೆಯ ಶೆಲ್ಫಿನಲ್ಲಿ ಮಾತ್ರ ಇಡಬೇಡಿ, ಸಾಸಿವೆ-ಮೆಂತ್ಯೆ ಡಬ್ಬಿಗಳ ಪಕ್ಕ ಅದಕ್ಕೆ ಜಾಗವಿಲ್ಲ.

ಗಿಡವನ್ನು ಡಿಸೆಂಬರ್‌ವರೆಗೆ ನಿಲ್ಲಿಸಿ, ಒಣಕಾಂಡಕ್ಕೂ ಚಿಟ್ಟೆ ಬರುತ್ತದೆ. ಆಮೇಲೆ ಕೀಳಬೇಡಿ, ನೆಲಮಟ್ಟಕ್ಕೆ ಕುಡುಗೋಲಿನಿಂದ ಕೊಯ್ಯಿರಿ. ಬೇರುಗಂಟು ಮಣ್ಣಲ್ಲೇ ಕಳಿಯಲಿ. ಕೆಲವು ಗಿಡ ಬುಡದಿಂದ ಮತ್ತೆ ಚಿಗುರುತ್ತವೆ, ಆದರೆ ಎರಡನೇ ವರ್ಷ ಹೂ ತೆಳು. ಪ್ರತಿ ವರ್ಷ ಹೊಸ ಬೀಜ ಹಾಕುವುದೇ ಮೇಲು.

ಪಶುಕಾಳಜಿ

ಕೊಯ್ದ ಕಾಂಡ ಬೇಲಿಗೆ ಒರಗಿಸಿ ಇಡುವ ಅಭ್ಯಾಸ ಇದ್ದರೆ ಹಸುವಿನ ಕಡೆಗೆ ಇಡಬೇಡಿ. ಫೆಬ್ರವರಿ-ಮಾರ್ಚಿನಲ್ಲಿ ಮೇವು ಕಡಿಮೆಯಾದಾಗ ಕತ್ತು ಚಾಚಿ ಅದನ್ನೇ ಎಳೆಯುತ್ತವೆ.